ಡಿಸ್ಕ್ಸ್ ಸಾಕೇ, ಜಿಪಾರ್ಟೆಡ್ ಬೇಕೇ?

ಉಬುಂಟುವಿನಲ್ಲಿ ಹಾರ್ಡ್ ಡಿಸ್ಕ್ ತಕರಾರು ತೆಗೆದರೆ ಮೊದಲು ತೆರೆಯಬೇಕಾದದ್ದು ಡಿಸ್ಕ್ ನೋಡಿಕೊಳ್ಳುವ ತಂತ್ರಾಂಶ ಗ್ನೋಮ್ ಡಿಸ್ಕ್ಸ್. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿ ಅದರಲ್ಲೇ ಸಿಗುತ್ತದೆ. ‘ರೀಅಲೊಕೇಟೆಡ್ ಸೆಕ್ಟರ್’ (ಕೆಟ್ಟು, ಬದಲಿ ಜಾಗ ಪಡೆದ ಡಿಸ್ಕಿನ ತುಣುಕುಗಳು) ಸಂಖ್ಯೆ ಏರುತ್ತಲೇ ಇದ್ದರೆ ದುರಸ್ತಿಯ ಆಸೆ ಬಿಟ್ಟು ಕಡತಗಳನ್ನು ನಕಲು ಮಾಡಿಕೊಳ್ಳಿ. ಡಿಸ್ಕ್ ತಾನಾಗಿಯೇ ಮೌಂಟ್ ಆಗಬೇಕೆಂದರೂ, ಅಂದರೆ ಬಳಕೆಗೆ ತೆರೆದುಕೊಳ್ಳಬೇಕೆಂದರೂ, ಇದೇ ಸುಲಭ. ಹೊರಗಿನ ಡಿಸ್ಕ್ ಆದರೆ ‘ನೋಫೇಲ್’ ಆಯ್ಕೆ ಇರಲಿ. ಇಲ್ಲವಾದರೆ ಅದನ್ನು ಜೋಡಿಸದ ದಿನ ಬೂಟ್ ಅರ್ಧಕ್ಕೆ ನಿಂತು ದುರಸ್ತಿಗೆಂದಿರುವ ಎಮರ್ಜೆನ್ಸಿ ಮೋಡ್‌ಗೆ ಹೋಗಬಹುದು.

ಪಾರ್ಟಿಷನ್ (ಡಿಸ್ಕಿನ ವಿಭಾಗ) ಹಿಗ್ಗಿಸುವ, ಜರುಗಿಸುವ ಕೆಲಸಕ್ಕೆ ಜಿಪಾರ್ಟೆಡ್ ಎಂಬ ತಂತ್ರಾಂಶ ವಾಸಿ. ಬದಲಾವಣೆಗಳನ್ನು ಸರದಿಯಲ್ಲಿಟ್ಟು ನೀವು ‘ಅಪ್ಲೈ’ ಒತ್ತುವವರೆಗೆ ಕಾಯುತ್ತದೆ. ಡಿಸ್ಕ್ಸ್‌ಗೆ ಆ ತಾಳ್ಮೆ ಇಲ್ಲ. ಆದರೆ ಉಬುಂಟು ಇರುವ ರೂಟ್ ಪಾರ್ಟಿಷನ್ ಕುಗ್ಗಿಸಲು ಲೈವ್ ಯುಎಸ್‌ಬಿಯಿಂದ (ಉಬುಂಟು ನೇರವಾಗಿ ಓಡುವ ಪೆನ್‌ಡ್ರೈವ್) ಬೂಟ್ ಮಾಡಲೇಬೇಕು.

ವಿಂಡೋಸ್‌ನ ಎನ್‌ಟಿಎಫ್‌ಎಸ್ ಪಾರ್ಟಿಷನ್ ತೆರೆದರೂ ಕಡತ ಉಳಿಸಲು ಬಿಡುತ್ತಿಲ್ಲವೇ? ಬಹುಪಾಲು ಈ ಎರಡು ತಂತ್ರಾಂಶಗಳೂ ಬೇಕಾಗುವುದಿಲ್ಲ. ವಿಂಡೋಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟ್‌ಅಪ್ (ಬೇಗ ಶುರುವಾಗಲೆಂದು ವಿಂಡೋಸನ್ನು ಪೂರ್ತಿ ಮುಚ್ಚದೆ ಬಿಡುವ ವ್ಯವಸ್ಥೆ) ನಿಲ್ಲಿಸಿ, ಪೂರ್ತಿ ಶಟ್‌ಡೌನ್ ಮಾಡಿ ಬನ್ನಿ.