ನಿಲಸ್ಕಲ್ಲಿನ ನಿಲುಗಲ್ಲು: ಡಿಸೆಂಬರ್ ಬೆಳಗಿಗೆ ಪೂರ್ತಿ ಅಂಕ, ಉಳಿದ ದಿನ ಪಾಸು ಮಾತ್ರ

ಕೊಡಚಾದ್ರಿಗೆ ಹೋಗುವವರು ದಾರಿಯಲ್ಲಿ ಅರ್ಧ ಗಂಟೆ ಇಳಿದು ನಾಲ್ಕು ಫೋಟೊ ಹೊಡೆದುಕೊಂಡು ಹೋಗೋಣ ಅಂದುಕೊಂಡರೆ ಹೊಸನಗರ ತಾಲ್ಲೂಕಿನ ನಿಲಸ್ಕಲ್ ಹಿಡಿಸುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಅಲ್ಲಿ ಕಾಣುವುದು ಗಿಡಗಂಟಿಯ ನಡುವೆ ನಿಂತ, ವಾಲಿದ, ಬಿದ್ದ ಕಲ್ಲುಗಳು, ಅಷ್ಟೆ. ಬೃಹತ್ ಶಿಲಾಯುಗದ ಜನ ನೆಟ್ಟ ಇವೇ ನಿಲುಗಲ್ಲುಗಳು. ಡಿಸೆಂಬರ್ 21ರ ಆಸುಪಾಸು, ಬೆಳಕು ಹರಿಯುವ ಮೊದಲೇ ಹೋಗಿ ನಿಂತರೆ ಮಾತ್ರ, ಸೂರ್ಯ ಹುಟ್ಟುವ ಜಾಗಕ್ಕೆ ಗುರಿಯಿಟ್ಟು ನೆಟ್ಟ ಅವುಗಳ ಲೆಕ್ಕಾಚಾರ ತಿಳಿಯುತ್ತದೆ.

ಮೊದಲು ಕಲ್ಲನ್ನು ಗುರುತಿಸಬೇಕು. ಮಲೆನಾಡಿನಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳಿಗೆ ಬರವಿಲ್ಲ. ಅವುಗಳಲ್ಲಿ ಕೆತ್ತನೆ ಇರುತ್ತದೆ, ಹಲವುದರಲ್ಲಿ ಬರಹವೂ ಇರುತ್ತದೆ. ನಿಲುಗಲ್ಲಿನಲ್ಲಿ ಎರಡೂ ಇಲ್ಲ. ಹಲಗೆಯಂಥ ಒರಟು ಕಲ್ಲು, ಮೊಣಕಾಲೆತ್ತರದ್ದೂ ಉಂಟು, ಆಳೆತ್ತರ ಮೀರಿದ್ದೂ ಉಂಟು. ನೋಡಬೇಕಾದ್ದು ಎತ್ತರವನ್ನಲ್ಲ, ಅದು ತಿರುಗಿ ನಿಂತ ದಿಕ್ಕನ್ನು. ಕಲ್ಲಿನ ಅಗಲದ ಮುಖ ಪೂರ್ವ-ಪಶ್ಚಿಮಕ್ಕೆ, ಅಂಚುಗಳು ಉತ್ತರ-ದಕ್ಷಿಣಕ್ಕೆ. ಇದೇ ತಾಲ್ಲೂಕಿನ ಬೈಸೆಯಲ್ಲೂ ಇಂಥವೇ ಇವೆ. ಕೆಲವು ಜೋಡಿ ಕಲ್ಲುಗಳನ್ನು ಕೂಡಿಸುವ ಗೆರೆ ಅಯನದ ದಿನಗಳ (ಸೂರ್ಯ ಉತ್ತರಕ್ಕೋ ದಕ್ಷಿಣಕ್ಕೋ ಹೊರಳುವ ಡಿಸೆಂಬರ್ 21, ಜೂನ್ 21ರ ಸುಮಾರು) ಸೂರ್ಯ ಹುಟ್ಟುವ, ಮುಳುಗುವ ಜಾಗಕ್ಕೆ ನೇರವಾಗುತ್ತದೆ ಎಂದು ಸಂಶೋಧಕ ಶ್ರೀಕುಮಾರ್ ಮೆನನ್ ಮತ್ತು ಸಂಗಡಿಗರು ಅಳತೆ ಮಾಡಿ 2012ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ.

ಇದನ್ನು ನೀವೇ ಪರೀಕ್ಷಿಸಬಹುದು. ಫೋನಿನ ಕಂಪಾಸ್ ಸಾಕು, ಆದರೆ ಕಾರಿನ ಪಕ್ಕ ನಿಂತು ನೋಡಬೇಡಿ, ಕಬ್ಬಿಣಕ್ಕೆ ಮುಳ್ಳು ದಿಕ್ಕು ತಪ್ಪುತ್ತದೆ. ಹತ್ತು ಹೆಜ್ಜೆ ದೂರ ಹೋಗಿ, ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ನಾಲ್ಕು ಸಲ ತಿರುಗಿಸಿ, ಆಮೇಲೆ ಓದಿ. ನಮ್ಮ ಅಕ್ಷಾಂಶದಲ್ಲಿ ಡಿಸೆಂಬರ್ 21ರಂದು ಸೂರ್ಯ ಹುಟ್ಟುವುದು ನೇರ ಪೂರ್ವದಿಂದ 24 ಡಿಗ್ರಿ ದಕ್ಷಿಣಕ್ಕೆ, ಅಂದರೆ ಕಂಪಾಸಿನಲ್ಲಿ 114ರ ಹತ್ತಿರ. ಕಂಪಾಸ್ ಇಲ್ಲವೇ? ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಪೂರ್ವದಿಂದ ಬಲಕ್ಕೆ ಎರಡೂವರೆ ಮುಷ್ಟಿ.

ದಿನದ ವಿಚಾರದಲ್ಲಿ ಹೆಚ್ಚಿನವರು ಎಡವುತ್ತಾರೆ. ಉತ್ತರಾಯಣ ಅಂದಕೂಡಲೇ ಸಂಕ್ರಾಂತಿ ರಜೆಗೆ ಹೊರಟುಬಿಡುತ್ತಾರೆ. ಸೂರ್ಯ ನಿಜವಾಗಿ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21-22ಕ್ಕೆ. ಜನವರಿ 14ರ ಹೊತ್ತಿಗೆ ಅದು ಹುಟ್ಟುವ ಜಾಗ ಎರಡು ಡಿಗ್ರಿ ಸರಿದಿರುತ್ತದೆ, ಸೂರ್ಯಬಿಂಬದ ನಾಲ್ಕು ಪಟ್ಟು. ಆದರೆ ಸರಿಯಾಗಿ 21ನೇ ತಾರೀಕೇ ಆಗಬೇಕೆಂದೇನೂ ಇಲ್ಲ. ಒಂದು ವಾರ ಹಿಂದುಮುಂದಾದರೆ ಬಿಂಬದ ಮೂರರಲ್ಲೊಂದು ಭಾಗದಷ್ಟು ವ್ಯತ್ಯಾಸ, ಬರಿಗಣ್ಣಿಗೆ ಗೊತ್ತಾಗದು. ಹಾಗಾಗಿ ಎರಡು ಬೆಳಗು ಕೈಯಲ್ಲಿಟ್ಟುಕೊಂಡೇ ಬನ್ನಿ. ಒಂದು ಬೆಳಗನ್ನು ಮಂಜು ನುಂಗಿದರೂ ಇನ್ನೊಂದು ಉಳಿಯುತ್ತದೆ. ಜೂನ್ 21ರ ಆಸೆ ಬಿಟ್ಟುಬಿಡಿ. ಆ ಹೊತ್ತಿಗೆ ಇಲ್ಲಿ ಸೂರ್ಯನನ್ನು ಕಾಣುವುದೇ ಅಪರೂಪ, ರಕ್ತ ಹೀರುವ ಇಂಬಳವಂತೂ ಧಾರಾಳ.

ಸೂರ್ಯೋದಯ ಆರೂ ಮುಕ್ಕಾಲರ ಸುಮಾರಿಗೆ. ಆರು ಗಂಟೆಗೇ ಅಲ್ಲಿರಿ, ಯಾವ ಕಲ್ಲಿನ ಹಿಂದೆ ನಿಲ್ಲಬೇಕೆಂಬುದನ್ನು ಹಿಂದಿನ ಸಂಜೆಯೇ ನೋಡಿಟ್ಟುಕೊಳ್ಳಿ. ಮರಗಳ ಮರೆ ದಾಟಿ ಬಿಂಬ ಕಾಣಲು ಇಪ್ಪತ್ತು ನಿಮಿಷ ತಡವಾದರೆ, ಅಷ್ಟರಲ್ಲಿ ಅದು ಒಂದು ಡಿಗ್ರಿಗೂ ಹೆಚ್ಚು ದಕ್ಷಿಣಕ್ಕೆ ಜಾರಿರುತ್ತದೆ. ‘ಗೆರೆಗೆ ಸರಿಯಾಗಿ ಕೂರಲೇ ಇಲ್ಲವಲ್ಲ’ ಎನ್ನುವವರ ದೂರಿಗೆ ಇದೂ ಒಂದು ಕಾರಣ. ಬೆಳಗು ತಪ್ಪಿದರೆ ಸಂಜೆ ಆರಕ್ಕೆ, ನೇರ ಪಶ್ಚಿಮದಿಂದ 24 ಡಿಗ್ರಿ ದಕ್ಷಿಣಕ್ಕೆ ಗುರಿಯಿಟ್ಟ ಜೋಡಿಯ ಗೆರೆಯಲ್ಲಿ ನೋಡಬಹುದು. ಮಂಜಿನ ಕಾಟವೂ ಆಗ ಕಡಿಮೆ.

ಮಕ್ಕಳ ಮನೆಗೆಂದು ಬ್ರಿಟನ್ನಿಗೆ ಹೋದವರು ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪದ ಮೇಸ್‌ಹೌ ಗೋರಿಯನ್ನು ನೋಡಿ ಬಂದಿದ್ದರೆ ನಿಲಸ್ಕಲ್ ಬಡವಾಗಿ ಕಾಣಬಹುದು. ಅದು 5000 ವರ್ಷದಷ್ಟು ಹಳೆಯ ಕಲ್ಲುಕೋಣೆ, 1999ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ತಾಣದ ಭಾಗ. ಗೈಡ್ ಜೊತೆಗೇ ಒಳಹೋಗಬೇಕು. ಹತ್ತು ಮೀಟರ್ ಚಿಲ್ಲರೆ ಉದ್ದದ ಸುರಂಗದಲ್ಲಿ ಸೊಂಟ ಬಗ್ಗಿಸಿಯೇ ನಡೆಯಬೇಕು, ಬೆನ್ನುನೋವಿನವರಿಗೆ ಆಗದ ಕೆಲಸ. ಚಳಿಗಾಲದ ಅಯನದ ಹೊತ್ತಿಗೆ ಮುಳುಗುವ ಸೂರ್ಯನ ಬೆಳಕು ಆ ಸುರಂಗದ ಮೂಲಕ ಹಿಂಗೋಡೆಗೆ ಬಡಿಯುತ್ತದೆ. ಅಲ್ಲಿ ವರ್ಷದುದ್ದಕ್ಕೂ ಸೂರ್ಯ ಪೂರ್ವ-ಪಶ್ಚಿಮದ ಗೆರೆಯಿಂದ ಆಚೀಚೆ 50 ಡಿಗ್ರಿಯಷ್ಟು ತೂಗಿದರೆ ನಮ್ಮಲ್ಲಿ ಅದರರ್ಧಕ್ಕೂ ಕಡಿಮೆ. ಅಷ್ಟು ಸಣ್ಣ ಓಲಾಟವನ್ನು ಬಯಲಲ್ಲಿ ನೆಟ್ಟ ಕಲ್ಲಿನಿಂದ ಹಿಡಿದಿರುವುದೇ ನಿಲಸ್ಕಲ್ಲಿನ ಹೆಚ್ಚುಗಾರಿಕೆ ಅನ್ನಿಸುತ್ತದೆ. ಇಲ್ಲಿ ಒಳಹೊಗುವ ಕೋಣೆಯಿಲ್ಲ. ಅದೇ ಬೇಕೆಂದರೆ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿಗೆ ಹೋಗಿ.

ಕಲ್ಲಿಗೆ ಒರಗಿ ಫೋಟೊ ಬೇಡ. ಇಂಥ ಕಲ್ಲುಗಳನ್ನು ನಿಲ್ಲಿಸಿರುವುದು ಬುಡದ ಮಣ್ಣಿನ ಬಿಗಿ. ನಿಧಿಯಾಸೆಗೆ ಬುಡ ಅಗೆಯುವ ಪಿಡುಗು ನಾಡಿನಲ್ಲೆಲ್ಲ ಇದೆ. ಒಮ್ಮೆ ಸಡಿಲವಾದರೆ ಮುಂದಿನ ಮಳೆಗಾಲದಲ್ಲಿ ವಾಲುತ್ತದೆ, ವಾಲಿದ ಮೇಲೆ ಗೆರೆ ಎಲ್ಲಿಯದು? ಅರಿಶಿನ, ಕುಂಕುಮ, ಸುಣ್ಣದ ಗುರುತೂ ಬೇಡ.

ಇನ್ನು ಉಣುಗು, ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳ. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ರೋಗ ಇದು, ಹರಡುವುದು ಉಣುಗಿನಿಂದ. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಉಣುಗನ್ನು ದೂರವಿಡುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿ. ಒಣಎಲೆಯ ದರಗಿನ ಮೇಲೆ ಕೂರಬೇಡಿ. ಹತ್ತಿರ ಮಂಗ ಸತ್ತಿದೆ ಎಂದು ಊರವರು ಹೇಳಿದರೆ ಆ ಕಡೆ ಹೋಗಲೇಬೇಡಿ. ವಾಪಸಾದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮಂಡಿಯ ಹಿಂದೆ, ಕಂಕುಳು, ಸೊಂಟಪಟ್ಟಿಯ ಜಾಗ ತಡವಿ ನೋಡಿ. ವಾರ-ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು ಬಂದರೆ ಹೊಸನಗರದ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ. ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ತಾವಾಗಿ ಅದನ್ನು ಕೇಳುವವರು ಕಡಿಮೆ.