ಹಳೆಯ ಹವಾಮಾನಕ್ಕೆ ಯಾವ ಸಾಕ್ಷಿ: ಮರವೇ, ಹಿಮವೇ, ಬರಹವೇ?

ಯಾವ ವರ್ಷ ಬರ ಬಂತು ಅಂತ ಗೊತ್ತಾಗಬೇಕಾ? ಹಾಗಾದರೆ ಮರದ ಉಂಗುರ ನೋಡಿ, ಕಾಂಡ ಕೊಯ್ದರೆ ವರ್ಷಕ್ಕೊಂದರಂತೆ ಕಾಣುತ್ತದೆ. ಒಣ ಜಾಗದಲ್ಲಿ ಮಳೆ ಚೆನ್ನಾಗಿದ್ದ ವರ್ಷ ಉಂಗುರ ಅಗಲ, ಬರದ ವರ್ಷ ಸಣ್ಣದು. ಸತ್ತ ಮರ, ಹಳೆ ತೊಲೆಗಳ ಉಂಗುರಗಳನ್ನು ಒಂದಕ್ಕೊಂದು ಜೋಡಿಸಿ ಯುರೋಪಿನಲ್ಲಿ 12,000 ವರ್ಷಗಳಷ್ಟು ಹಿಂದಕ್ಕೆ ಹೋಗಿದ್ದಾರೆ. ಆದರೆ ಚಳಿ ಜಾಗದ ಮರ ಮಳೆಗಿಂತ ಬೇಸಿಗೆಯ ಬಿಸಿಯನ್ನೇ ಜಾಸ್ತಿ ಹೇಳುತ್ತದೆ. ಉಷ್ಣವಲಯದ ಎಷ್ಟೋ ಮರಗಳಲ್ಲಿ ಉಂಗುರವೇ ಸ್ಪಷ್ಟವಾಗಿರುವುದಿಲ್ಲ (ತೇಗ ಬಿಡಿ, ಅದರಲ್ಲಿ ಸ್ಪಷ್ಟವಾಗಿಯೇ ಇರುತ್ತದೆ).

ಹಿಮಯುಗಗಳ ಕಥೆ ಬೇಕಾದರೆ ಮರ ಸಾಲದು, ವರ್ಷ ವರ್ಷ ಬಿದ್ದು ಪದರ ಪದರವಾಗಿ ಕೂತ ಹಿಮ ಕೊರೆಯಬೇಕು. ಅಂಟಾರ್ಕ್ಟಿಕಾದ ‘ಡೋಮ್ ಸಿ’ ಎಂಬ ಜಾಗದಲ್ಲಿ ಕೊರೆದ ಹಿಮ ಸುಮಾರು 8 ಲಕ್ಷ ವರ್ಷ ಹಿಂದಕ್ಕೆ ಹೋಗುತ್ತದೆ. ಅದರ ಗುಳ್ಳೆಗಳಲ್ಲಿ ಅಂದಿನ ಗಾಳಿಯೇ ಸಿಕ್ಕಿಬಿದ್ದಿದೆ! ಆಗಿನ ಇಂಗಾಲದ ಡೈಆಕ್ಸೈಡನ್ನು ನೇರವಾಗಿ ಅಳೆಯಬಹುದು. ನನಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಕಾಣುವುದಿಲ್ಲ. ತೊಡಕೂ ಇದೆ: ಆಳದಲ್ಲಿ ಪದರಗಳು ಒತ್ತಿಹೋಗಿ ಒಂದೊಂದು ವರ್ಷವನ್ನು ಬಿಡಿಸಿ ಎಣಿಸಲು ಆಗುವುದಿಲ್ಲ. ಜೊತೆಗೆ ಗುಳ್ಳೆಯ ಗಾಳಿ ಸುತ್ತಲಿನ ಹಿಮಕ್ಕಿಂತ ಕಿರಿಯದು. ಹಿಮ ಬಿದ್ದು ಗಟ್ಟಿಯಾದ ಮೇಲೆ ತಾನೆ ಗುಳ್ಳೆ ಮುಚ್ಚುವುದು?

ದಿನದ ಲೆಕ್ಕ ಬೇಕಾದರೆ ಮಾತ್ರ ಬರಹ. ಜಪಾನಿನ ಸುವಾ ಸರೋವರ ಹೆಪ್ಪುಗಟ್ಟಿದ ದಿನವನ್ನು 1443ರಿಂದ ಬರೆದಿಟ್ಟಿದ್ದಾರೆ. ಆದರೆ ಅದು ಒಂದೇ ಊರಿನ ಚಳಿಯ ಲೆಕ್ಕ, ಅಷ್ಟೇ.