ಹಳೇ ಹಡಗಿನ ಲಾಗ್‌ಬುಕ್ ಟೈಪ್ ಮಾಡೋ ಕೆಲಸ: ಓಲ್ಡ್ ವೆದರ್, ಜೂನಿವರ್ಸ್ ಬಗ್ಗೆ ನನ್ನ ರಿವ್ಯೂ

ದುಡ್ಡು ಸಿಗೋದಿಲ್ಲ, ಅದನ್ನ ಮೊದ್ಲೇ ಹೇಳ್ತೇನೆ, ಯಾಕಂದ್ರೆ ಕಾರವಾರದಲ್ಲಿ ಯಾರಿಗೆ ಈ ವಿಷಯ ಹೇಳಿದ್ರೂ ಮೊದಲ ಪ್ರಶ್ನೆ ಅದೇ. ಜೂನಿವರ್ಸ್ ಅನ್ನೋ ವೆಬ್‌ಸೈಟಲ್ಲಿ ವಿಜ್ಞಾನಿಗಳಿಗೆ ಬೇಕಾದ ಕೆಲಸನ ನಮ್ಮಂಥವ್ರು ಮನೇಲಿ ಕೂತು ಮಾಡಿಕೊಡೋದು. ಅದರಲ್ಲಿ 2010ರ ಅಕ್ಟೋಬರಲ್ಲಿ ಓಲ್ಡ್ ವೆದರ್ ಅಂತ ಶುರುವಾಯ್ತು, ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ರಾಯಲ್ ನೇವಿ (ನೌಕಾಪಡೆ) ಹಡಗುಗಳ ದಿನಚರಿ, ಅಂದ್ರೆ ಲಾಗ್‌ಬುಕ್ ಪುಟಗಳನ್ನ ಸ್ಕ್ಯಾನ್ ಮಾಡಿ ಹಾಕಿದ್ರು, ನಾವು ಕೈಬರಹ ಓದಿ ಅಂಕಿಗಳನ್ನ ಟೈಪ್ ಮಾಡ್ಬೇಕಿತ್ತು. ನಾನು ಸೇರಿದ್ದು ಮರುವರ್ಷದ ಮಳೆಗಾಲದಲ್ಲಿ, ಮೀನುಗಾರಿಕೆ ಬಂದ್ ಆಗಿ ಬೋಟೆಲ್ಲ ಇಲ್ಲಿನ ಮೀನುಗಾರಿಕೆ ಬಂದರು ಬೈತಖೋಲಲ್ಲಿ ಕಟ್ಟಿ ಹಾಕಿದ್ದ ಸಮಯ. ಮಾವ ತಾಂಡೇಲ, ಅಂದ್ರೆ ಮೀನು ಬೋಟ್ ನಡೆಸೋರು, ಅವರಿಗೂ ಕೆಲಸ ಇಲ್ಲ, ಹಾಗಾಗಿ ಸಂಜೆ ನಮ್ಮನೇಗೆ ಬಂದು ನನ್ನ ಪಕ್ಕ ಕುರ್ಚಿ ಹಾಕ್ಕೊಂಡು ಕೂರ್ತಿದ್ರು.

ಒಂದು ಪುಟ ಅಂದ್ರೆ ಒಂದು ದಿನ. ನಾಲ್ಕು ನಾಲ್ಕು ಗಂಟೆಗೊಂದು ಸಲ ಡ್ಯೂಟಿಯಲ್ಲಿದ್ದ ಆಫೀಸರ್ ಬರೆದಿಟ್ಟಿರ್ತಾನೆ: ಗಾಳಿ ಯಾವ ದಿಕ್ಕು, ಎಷ್ಟು ಜೋರು, ಬ್ಯಾರೋಮೀಟರ್ (ಗಾಳಿಯ ಒತ್ತಡ ಅಳೆಯೋದು) ಎಷ್ಟು, ಗಾಳಿಯ ಬಿಸಿ ಎಷ್ಟು, ಕಡಲ ನೀರಿನ ಬಿಸಿ ಎಷ್ಟು. ಮಧ್ಯಾಹ್ನ 12ಕ್ಕೆ ಹಡಗು ಎಲ್ಲಿತ್ತು ಅಂತ ಅಕ್ಷಾಂಶ ರೇಖಾಂಶ. ಗಾಳಿ ಜೋರನ್ನ ಬ್ಯೂಫೋರ್ಟ್ ಲೆಕ್ಕದಲ್ಲಿ 0ಯಿಂದ 12ರ ತನಕ ಬರೀತಾರೆ, ಆಕಾಶದ್ದು ಒಂದೊಂದೇ ಇಂಗ್ಲಿಷ್ ಅಕ್ಷರ. ಬಿ ಅಂದ್ರೆ ನೀಲಿ ಆಕಾಶ, ಸಿ ಅಂದ್ರೆ ಅಲ್ಲಲ್ಲಿ ಮೋಡ, ಆರ್ ಅಂದ್ರೆ ಮಳೆ, ಕ್ಯೂ ಅಂದ್ರೆ ಗಾಳಿ ರಪ್ಪಂತ ಹೊಡ್ಯೋದು, ಮತ್ತೆ ಯು ಅಂತೊಂದಿದೆ, ಅದು ನೋಡಿದ್ರೇ ಹೆದರಿಕೆ ಆಗೋ ಹಾಗೆ ಕಪ್ಪುಗಟ್ಟಿದ ಆಕಾಶಕ್ಕೆ. ಇದನ್ನೆಲ್ಲ ನಾನು ಹೆಲ್ಪ್ ಪೇಜ್ ನೋಡಿ ಕಲಿತೆ, ಮಾವನಿಗೆ ಬಾಯಲ್ಲಿ ಹೇಳಿದ ಕೂಡ್ಲೇ ತಿಳೀತು, ಇಂಗ್ಲಿಷ್ ಓದೋಕೆ ಬರದಿದ್ರೂ ಎರಡನೇ ವಾರಕ್ಕೆ ಅಕ್ಷರದ ಆಕಾರ ನೋಡಿಯೇ ಹೇಳ್ತಿದ್ರು.

ನಾನು ಆರಿಸಿದ್ದು ಪರ್ಷಿಯನ್ ಗಲ್ಫ್, ಬಾಂಬೆ, ಕೊಲಂಬೊ ನಡುವೆ ಓಡಾಡ್ತಿದ್ದ ಒಂದು ಕ್ರೂಸರ್, ಅಂದ್ರೆ ಯುದ್ಧದ ಹಡಗು. ಆಗ ಕೆಡೆಟ್ ಆಗಿ ಶುರು ಮಾಡ್ಬೇಕಿತ್ತು, ಪುಟ ಜಾಸ್ತಿ ಆದ ಹಾಗೆ ಲೆಫ್ಟಿನೆಂಟ್, ಆ ಹಡಗಲ್ಲಿ ಎಲ್ಲರಿಗಿಂತ ಹೆಚ್ಚು ಮಾಡಿದವ್ರು ಕ್ಯಾಪ್ಟನ್. ನಾನು ಲೆಫ್ಟಿನೆಂಟ್ ತನಕ ಮುಟ್ಟಿದೆ.

ಒಂದು ಹತ್ತು ಹದಿನೈದು ಪುಟ ಆದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಬ್ಯಾರೋಮೀಟರ್, ಪಾದರಸದ ಇಂಚಿನ ಲೆಕ್ಕದಲ್ಲಿ, ಬೆಳಗ್ಗೆ 8ಕ್ಕೆ 29.92, ಮಧ್ಯಾಹ್ನ 29.88, ಸಂಜೆ 4ಕ್ಕೆ 29.80, ರಾತ್ರಿ 8ಕ್ಕೆ ಮತ್ತೆ 29.86, ಬೆಳಗಿನ ಜಾವ ಮತ್ತೆ ಇಳೀತದೆ, ಬೆಳಗಾದ್ರೆ ಏರ್ತದೆ. ದಿನಾ ಹೀಗೇ. ನಮ್ಮ ಕಡೆ, ಅಂದ್ರೆ ಉಷ್ಣವಲಯದಲ್ಲಿ, ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳೀತದಂತೆ, ಹತ್ತು ಗಂಟೆ ಹತ್ರ ಏರಿಕೆ, ನಾಲ್ಕು ಗಂಟೆ ಹತ್ರ ಇಳಿಕೆ, ಹಗಲೂ ಹಾಗೇ ರಾತ್ರಿನೂ ಹಾಗೇ. ಮಾವ ಸ್ವಲ್ಪ ಹೊತ್ತು ಸುಮ್ನೆ ಕೂತು, "ಹಾಗಾದ್ರೆ ಗಾಳಿಗೂ ಉಬ್ಬರ ಇಳಿತ ಉಂಟು ಹೇಳು" ಅಂದ್ರು. ಅದಕ್ಕಿಂತ ಚೆನ್ನಾಗಿ ಹೇಳೋಕೆ ನನಗೆ ಇವತ್ತಿಗೂ ಆಗಿಲ್ಲ.

ಆಮೇಲೆ ಒಂದು ದಿನದ ಪುಟ ಬಂತು. ಬೆಳಗ್ಗೆ 29.80, ಮಧ್ಯಾಹ್ನ 29.71, ಸಂಜೆ 4ಕ್ಕೆ 29.58, ರಾತ್ರಿ 8ರದ್ದು ಶಾಯಿ ಹರಡಿ 29.49 ಅಂತಲೂ ಕಾಣ್ತದೆ 29.69 ಅಂತಲೂ ಕಾಣ್ತದೆ. ರಾತ್ರಿ 8ಕ್ಕೆ ಏರ್ಬೇಕಲ್ಲ, ಅದಕ್ಕೆ 69 ಇರ್ಬೇಕು ಅಂತ ಟೈಪ್ ಮಾಡಿದೆ. ಸಬ್ಮಿಟ್ ಒತ್ತೋ ಮೊದ್ಲು ಮಾವ ಕೈ ಹಿಡಿದು, "ತಡಿ, ಬದಿಗೆ ಆ ಅಕ್ಷರ ಎಂತದು ನೋಡು" ಅಂದ್ರು. ಸಂಜೆಯಿಂದ ಸಾಲಾಗಿ ಕ್ಯೂ, ಆರ್, ಯು. ಗಾಳಿ 5 ಇದ್ದದ್ದು 7, ಆಮೇಲೆ 9. "ಏರೋ ಹೊತ್ತಿಗೂ ಏರ್ಲಿಲ್ಲ ಅಂದ್ರೆ ಕಡಲು ಕೆಟ್ಟಿದೆ ಹೇಳಿ ಅರ್ಥ, ಅವ ಸರಿಯಾಗೇ ಬರ್ದಿದ್ದ" ಅಂದ್ರು. ದೊಡ್ಡದು ಮಾಡಿ ನೋಡಿದೆ, ಬೇರೆ ಕಡೆ ಅವನು 4 ಹ್ಯಾಗೆ ಬರೀತಾನೆ ಅಂತ ಹುಡುಕಿದೆ, ಅದು 49. ನಾವು ಸರಿ ಮಾಡೋಕೆ ಹೋಗ್ಬಾರ್ದು, ಕಂಡದ್ದನ್ನೇ ಬರೀಬೇಕು ಅಂತ ಸೂಚನೆಯಲ್ಲಿ ಇದ್ದದ್ದು ಯಾಕೆ ಅಂತ ಆವತ್ತು ಗೊತ್ತಾಯ್ತು. ಆ ದಿನ ಆ ಕಡಲಲ್ಲಿ ತೂಫಾನ್ ಇತ್ತು ಅನ್ನೋದಕ್ಕೆ ಸಾಕ್ಷಿ ಅಂದ್ರೆ ಆ ಒಂದು ಅಂಕಿ, ಅದನ್ನೇ ನಾನು ಅಳಿಸಿಬಿಡ್ತಿದ್ದೆ. ಒಂದೇ ಪುಟನ ಮೂರು ಜನರ ಹತ್ರ ಮಾಡಿಸ್ತಿದ್ರು, ಹಾಗಾಗಿ ಒಬ್ಬರ ತಪ್ಪು ಸಿಕ್ಕಿಬೀಳ್ತಿತ್ತು, ಇದು ಈ ವ್ಯವಸ್ಥೆಯಲ್ಲಿ ನನಗೆ ತುಂಬ ಹಿಡಿಸಿದ್ದು.

ಇದರಿಂದ ಏನು ಪ್ರಯೋಜನ ಅಂತ ಕೇಳೋರಿಗೆ: ಯುದ್ಧದ ವರ್ಷಗಳಲ್ಲಿ ವ್ಯಾಪಾರಿ ಹಡಗುಗಳ ಹವಾಮಾನ ದಾಖಲೆ ತುಂಬ ಕಮ್ಮಿ, ನೇವಿ ಲಾಗ್ ಆ ತೂತನ್ನ ಮುಚ್ತದೆ. ಅಮೆರಿಕದಲ್ಲಿ ಹವಾಮಾನ, ಸಮುದ್ರ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ನೋವಾ ಕಡೆಯವ್ರ ಒಂದು ದೊಡ್ಡ ಕೆಲಸ ಇದೆ, ಟ್ವೆಂಟಿಯತ್ ಸೆಂಚುರಿ ರೀಅನಾಲಿಸಿಸ್ ಅಂತ, ಅದರಲ್ಲಿ ಹಡಗು ಮತ್ತು ನೆಲದ ಮೇಲಿನ ಒತ್ತಡದ ಅಂಕಿ ಮುಖ್ಯವಾಗಿ ಇಟ್ಕೊಂಡು ನೂರು ವರ್ಷದ ಹಿಂದಿನ ಒಂದು ದಿನದ ಹವಾಮಾನ ಇಡೀ ಭೂಮಿಗೆ ಹ್ಯಾಗಿತ್ತು ಅಂತ ಕಂಪ್ಯೂಟರಲ್ಲಿ ಮತ್ತೆ ಕಟ್ತಾರೆ. ಸ್ಯಾಟಲೈಟ್ ಬರೋ ಮೊದ್ಲು ನಡು ಅರಬ್ಬಿ ಸಮುದ್ರದಲ್ಲಿ ಏನಾಯ್ತು ಅಂತ ನೋಡಿದವ್ರು ಹಡಗಿನವ್ರೇ, ಬೇರೆ ಯಾರೂ ಇಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದು ಹೋಯ್ತಲ್ಲ, ಅಂಥದ್ದು ಮೊದ್ಲೂ ಬರ್ತಿತ್ತಾ, ಎಷ್ಟು ಬರ್ತಿತ್ತು ಅಂತ ಕೇಳಿದ್ರೆ ಉತ್ತರ ಇಂಥ ಪುಟಗಳಲ್ಲೇ ಹುಡುಕ್ಬೇಕು. ರಾಯಲ್ ನೇವಿ ಭಾಗ ಮುಗಿಯೋ ಹೊತ್ತಿಗೆ 16 ಲಕ್ಷ ಹವಾಮಾನ ದಾಖಲೆ ಸೇರಿತ್ತು.

ಆಮೇಲೆ ಅಮೆರಿಕದ ಹಡಗುಗಳು ಬಂದವು, ಆರ್ಕ್ಟಿಕ್ ಕಡೆಯವು. ಅದರಲ್ಲಿ ಜೀನೆಟ್ ಅನ್ನೋ ಹಡಗಿನ ಲಾಗ್ ಓದುವಾಗ ನನಗೆ ಮುಂದೆ ಹೋಗೋಕೇ ಆಗ್ಲಿಲ್ಲ. 1879ರಲ್ಲಿ ಹೊರಟು ಹಿಮದಲ್ಲಿ ಸಿಕ್ಕಿಹಾಕ್ಕೊಂಡು 1881ರ ಜೂನಲ್ಲಿ ಮುಳುಗಿದ ಹಡಗು ಅದು. ಜನ ಹಿಮದ ಮೇಲೆ ದೋಣಿ ಎಳ್ಕೊಂಡು ನಡೆದ್ರು, ಬಹಳ ಜನ ಸತ್ರು, ಆದ್ರೂ ಲಾಗ್‌ಬುಕ್ಕನ್ನ ಬಿಟ್ಟು ಬರ್ಲಿಲ್ಲ. ಅವನ್ನ ನಾವು ಇಲ್ಲಿ ಫ್ಯಾನ್ ಕೆಳಗೆ ಕೂತು ಓದ್ತೀವಿ, ಒಂದು ಅಂಕಿನೂ ಅವಸರದಲ್ಲಿ ಹಾಕ್ಬಾರ್ದು ಅಂತ ಅನ್ನಿಸ್ತದೆ.

ಕಷ್ಟ ಇಲ್ವಾ, ಇದೆ. ಕೂಡು ಬರಹದ ಇಂಗ್ಲಿಷ್ ಓದೋ ಅಭ್ಯಾಸ ಬೇಕು, 1 ಮತ್ತು 7, 3 ಮತ್ತು 5 ಕಣ್ಣು ನೋಯಿಸ್ತವೆ, ಮೊಬೈಲಲ್ಲಿ ಮಾಡೋದು ಬೇಡ, ದೊಡ್ಡ ಸ್ಕ್ರೀನ್ ಇದ್ರೇ ಸರಿ. ಆಗ ನಮ್ಮನೆಗಿದ್ದ ನೆಟ್ ಕನೆಕ್ಷನ್ ಮಳೆ ಬಂದ್ರೆ ಸಾಕು ಕೈ ಕೊಡ್ತಿತ್ತು, ಅರ್ಧ ಮಾಡಿದ ಪುಟ ಎಷ್ಟು ಹೋಯ್ತೋ. ಬಂದರಿನಲ್ಲಿ ಹಡಗು ನಿಂತಿದ್ರೆ ವಾರಗಟ್ಲೆ ಒಂದೇ ಥರ ಪುಟ. ಬೇಗ ಬೇಗ ಏನಾದ್ರೂ ಆಗ್ಬೇಕು ಅನ್ನೋರಿಗೆ ಮಳೆ ಲೆಕ್ಕದ ಪ್ರಾಜೆಕ್ಟ್ ಥರದ್ದು ಸರಿಹೋಗ್ತದೆ: 2020ರಲ್ಲಿ ಲಾಕ್‌ಡೌನ್ ಆದಾಗ ರೀಡಿಂಗ್ ಯೂನಿವರ್ಸಿಟಿಯ ಎಡ್ ಹಾಕಿನ್ಸ್ ಅವ್ರು ರೈನ್‌ಫಾಲ್ ರೆಸ್ಕ್ಯೂ ಅಂತ ಶುರು ಮಾಡಿದ್ರು, ಬ್ರಿಟನ್ನಿನ ಹಳೇ ಮಳೆ ಹಾಳೆಗಳು, 52 ಲಕ್ಷ ಅಂಕಿಯನ್ನ ಜನ 16 ದಿನದಲ್ಲಿ ಮುಗಿಸಿಬಿಟ್ರು, ನಾನು ಸ್ವಲ್ಪ ಹಾಕೋ ಹೊತ್ತಿಗೆ ಖಾಲಿ. ಒಂದು ಮುಗಿದ್ರೆ ಇನ್ನೊಂದು ಬರ್ತಿರ್ತದೆ, ಆಗಾಗ ಹೋಗಿ ಹುಡುಕ್ಬೇಕು. ನನ್ನ ಕಡೆಯಿಂದ ಐದಕ್ಕೆ ಐದು.

ಆ ಕ್ರೂಸರಿನ ಒಂದು ಪುಟ ಮರ್ಯೋಕಾಗಲ್ಲ. ಮಧ್ಯಾಹ್ನ 12ಕ್ಕೆ 14 ಡಿಗ್ರಿ 46 ಮಿನಿಟ್ ಉತ್ತರ, 73 ಡಿಗ್ರಿ 40 ಮಿನಿಟ್ ಪೂರ್ವ. ಮ್ಯಾಪಲ್ಲಿ ಹಾಕಿ ನೋಡಿದ್ರೆ ನಮ್ಮ ಕಾರವಾರದ ಎದುರಿಗೇ, ದಡದಿಂದ ಒಂದು 50 ಕಿಲೋಮೀಟರ್. ಗಾಳಿ 2, ಆಕಾಶ ಬಿ ಸಿ, ಕಡಲ ನೀರು 83 ಡಿಗ್ರಿ ಫ್ಯಾರನ್‌ಹೀಟ್. ಮಾವ ಅದನ್ನ ಎರಡು ಸಲ ಓದಿಸಿದ್ರು, "ಅಲ್ಲೇ ನಾವು ಬಲೆ ಬಿಡೋದು" ಅಂದ್ರು.

ಈಗ ನನ್ನ ಫೋನಲ್ಲೇ ಬ್ಯಾರೋಮೀಟರ್ ಇದೆ. ಮೊನ್ನೆ ಬೈತಖೋಲ್ ಧಕ್ಕೆ ಮೇಲೆ ನಿಂತು ಬೆಳಗ್ಗೆ 10ಕ್ಕೆ ನೋಡಿದ್ವಿ, 1012 ಮಿಲಿಬಾರ್, ಇದು ಇಂಚಿನ ಲೆಕ್ಕ ಅಲ್ಲ. ಸಂಜೆ 4ಕ್ಕೆ ಮಾವನೇ ಫೋನ್ ಮಾಡಿ ಕೇಳಿದ್ರು, 1008 ಅಂದೆ. ಮನೆ ಕ್ಯಾಲೆಂಡರಲ್ಲಿ ಉಬ್ಬರದ ಟೈಮ್ ಬರಿಯೋ ಜಾಗದಲ್ಲಿ ಅದನ್ನೂ ಬರ್ಕೊಂಡಿದ್ದಾರೆ.